ಹಿತ್ತಿಲ ಗೋಡೆಯ ನೀರ್ಗಂಡಿ

"ಲೇ ಬೆಲ್ಲದ ಕಳ್ಳಿ, ಗೋಡೆ ಒಡೀತಾ ಇದ್ದಯಾ, ಇಲ್ಲ ನಿನ್ನ ಗಂಡನ ಬೆನ್ನು ಕೆರೀತಾ ಇದ್ದಯಾ? ಕಸುವಿಲ್ದಿದ್ರೆ ಅಟ್ಟಿಲಿ ಬಿದ್ಕಬೇಕು. ಕೂಲಿ ಬೇಕು, ಮೈ ಬಗ್ಗಾಕಿಲ್ಲ. ನಿಮ್ಮಂಥ..."

ದೊಡ್ಡಮಾದಪ್ಪ ಅಲ್ಲಿಗೆ ನಿಲ್ಲಿಸಿದ. ಮುಂದಿನ ಪದ ಜಾತಿಯದು. ನಾಲಿಗೆಯ ತುದಿಗೆ ಬಂದದ್ದು ಹಲ್ಲಿನ ಹಿಂದೆ ನಿಂತುಕೊಂಡಿತು. ಈಗ ಬಾಯಿ ಜಾರಿದರೆ ಠಾಣೆ ಮೆಟ್ಟಿಲು ಹತ್ತಬೇಕಾಗುತ್ತದೆ ಎಂದು ಮಗ ಬಸವಕುಮಾರ್ ಹೇಳಿ ಹೇಳಿ ಮುದುಕನಿಗೆ ಅಷ್ಟು ಕಡಿವಾಣ ಹಾಕಿದ್ದ. ಬೆಲ್ಲದ ಕಳ್ಳಿ ಅಂದರೆ ಯಾವ ಕೇಸೂ ಇಲ್ಲ. ಅದನ್ನು ಬಾಯ್ತುಂಬ ಅನ್ನಬಹುದು, ಊರು ಹುಟ್ಟಿದಾಗಿನಿಂದ ಇರುವ ಹೆಸರೇನೋ ಅನ್ನುವಂತೆ.

ಸಿದ್ದಾಜಮ್ಮ ತಿರುಗಿ ನೋಡಲಿಲ್ಲ. ಅವಳ ಎಡಗೈಯಲ್ಲಿ ಸುತ್ತಿಗೆ, ಬಲಗೈಯಲ್ಲಿ ಚಾಣ. ಆ ಬಲಗೈಯ ಮೂರು ಬೆರಳು ಒಂದಕ್ಕೊಂದು ಬೆಸೆದುಕೊಂಡು ಅಂಗೈಯ ಕಡೆಗೆ ಮುರುಟಿವೆ, ಬಿಡಿಸಲು ಬರುವುದಿಲ್ಲ. ಆ ಮುರುಟಿನೊಳಗೆ ಚಾಣ ತೂರಿಸಿಕೊಂಡರೆ ಎಂಥ ಏಟು ಬಿದ್ದರೂ ಅಲುಗುವುದಿಲ್ಲ. "ಚಾಣ ಇಡಿಯಕ್ಕೇ ಮಾಡ್ಸಿದಂಗದ ನಿನ್ನ ಕೈ" ಎಂದು ಮೇಸ್ತ್ರಿ ಶಂಕರ ಆಗಾಗ ಹೇಳುತ್ತಿದ್ದ. ಅವನ ಲೆಕ್ಕದಲ್ಲಿ ಅದು ಹೊಗಳಿಕೆ. ಪಾಪ, ಅವನು ಹನೂರು ಕಡೆಯವನು, ಈ ಊರಿನ ಕಥೆ ಅವನಿಗೆ ಏನು ಗೊತ್ತು.

ಕಲ್ಲು ಅಂಟಿಸುವ ಗೋಡೆಯನ್ನು ಮೊದಲು ಕೆಡಿಸಬೇಕು. ನುಣ್ಣಗಿರುವ ಗೋಡೆಗೆ ಕಲ್ಲಿನ ಬಿಲ್ಲೆ ಕಚ್ಚುವುದಿಲ್ಲ, ಒಂದು ಮಳೆಗಾಲ ಕಳೆದರೆ ಕಳಚಿ ಕಾಲ ಮೇಲೆ ಬೀಳುತ್ತದೆ. ಅದಕ್ಕೇ ಬಣ್ಣ ಕೆರೆಯಬೇಕು, ಸಡಿಲ ಗಾರೆ ಉದುರಿಸಬೇಕು, ಉಳಿದ ಮೈಗೆಲ್ಲ ಚಾಣದಿಂದ ಕಚ್ಚು ಹೊಡೆಯಬೇಕು. ತಂತಿ ಬ್ರಷ್ಷಿನಲ್ಲಿ ಉಜ್ಜಿ, ನೀರು ಹೊಡೆದು, ತಂತಿ ಬಲೆ ಬಿಗಿದು, ಸಿಮೆಂಟು ಹಾಲು ಎರಚಬೇಕು. ಕಲ್ಲು ಅಂಟಿಸಲು ಬೇರೆಯವರು ಬರುತ್ತಾರೆ, ಅವರ ಕೈ ಚೊಕ್ಕಟವಾಗಿರುತ್ತದೆ. ಕೆಡಿಸುವವರಿಗೆ ಮೂಗಿನ ತುಂಬ ಧೂಳು, ಕಣ್ಣಿನ ತುಂಬ ಸುಣ್ಣ.

ಈ ಗೋಡೆ ಮೊದಲು ಹಿತ್ತಿಲಿನದು. ಬೆಟ್ಟಕ್ಕೆ ಹೋಗುವ ರಸ್ತೆ ಅಗಲವಾಗಿ ಹಿತ್ತಿಲನ್ನು ನುಂಗಿದ ಮೇಲೆ ಇದೇ ರಸ್ತೆಗೆ ಮುಖವಾಯಿತು. ಮಲೆ ಮಹದೇಶ್ವರ ಬೆಟ್ಟದಲ್ಲಿ ಲಾಡ್ಜು ಇಟ್ಟಿರುವ ಬಸವಕುಮಾರನಿಗೆ ಹೋಗಿ ಬರುವ ಕಾರಿನವರೆಲ್ಲ ಕತ್ತು ತಿರುಗಿಸಿ ನೋಡುವಂಥ ಗೋಡೆ ಬೇಕಿತ್ತು. ಬೂದು, ಕಂದು, ಕರಿ ಬಣ್ಣದ ಕಲ್ಲಿನ ಬಿಲ್ಲೆಗಳು ಲಾರಿಯಲ್ಲಿ ಬಂದು ಟಾರ್ಪಾಲಿನ ಕೆಳಗೆ ಕೂತಿದ್ದವು.

ಶಂಕರ ಈ ಕೆಲಸ ಹಿಡಿದಾಗ ಸಿದ್ದಾಜಮ್ಮನಿಗೆ ಯಳಂದೂರಿನಲ್ಲಿ ಬೇರೆ ಕೆಲಸವಿತ್ತು. ನೆರಳಿನಲ್ಲಿ ಟೈಲ್ಸ್ ಒರೆಸುವ ಕೆಲಸ. ಅದನ್ನು ಬಿಟ್ಟು ತಾನಾಗಿ ಬಂದಳು. ಅವಳ ಮಗಳು ಬಾಯಿಗೆ ಬಂದಂತೆ ಬೈದಳು: ಆ ಮುದುಕನ ಅಂಗಳಕ್ಕೆ ಹೋಗಿ ಬೈಸಿಕೊಂಡು ಬರುವುದಕ್ಕೆ ನಿನಗೇನು ದೊಡ್ಡರೋಗ ಬಂದಿದೆಯೇ ಎಂದು. ಮಗಳು ಸರಿಯಾಗಿಯೇ ಕೇಳಿದ್ದಳು. ಸಿದ್ದಾಜಮ್ಮನೇ ಸರಿಯಾದ ಉತ್ತರ ಕೊಡಲಿಲ್ಲ. ಈ ಗೋಡೆಯಲ್ಲಿ ಅವಳು ಒಂದು ಕಂಡಿಯನ್ನು ಹುಡುಕಬೇಕಿತ್ತು. ಕಲ್ಲು ಮೆತ್ತಿದ ಮೇಲೆ ಇನ್ನು ಈ ಜನ್ಮದಲ್ಲಿ ಅದು ಸಿಕ್ಕುವುದಿಲ್ಲ.

ಮಧ್ಯಾಹ್ನ ಹೊಂಗೆ ಮರದ ಕೆಳಗೆ ಬುತ್ತಿ ಬಿಚ್ಚಿದರು. ಮನೆಯ ಸೊಸೆ ಶಿವರಂಜನಿ ಕುಡಿಯುವ ನೀರನ್ನು ಬಕೆಟ್ಟಿನಲ್ಲಿ ತಂದು ಜಗಲಿಯ ತುದಿಯಲ್ಲಿಟ್ಟು, ಮುಟ್ಟದ ಹಾಗೆ ಹಿಂದೆ ಸರಿದು, ಪ್ಲಾಸ್ಟಿಕ್ ಲೋಟ ಪಕ್ಕಕ್ಕೆ ಎಸೆದು ಹೋದಳು. ಕುಡಿದ ಲೋಟ ತಿಪ್ಪೆಗೆ ಹೋಗಬೇಕು. ಶಂಕರನಿಗೆ ಮಾತ್ರ ಸ್ಟೀಲು ಲೋಟ.

ಜೊತೆಯ ಆಳು ರಂಗಮ್ಮ ಮುದ್ದೆ ಮುರಿಯುತ್ತ ಹತ್ತಿರ ಸರಿದಳು. ಶಂಕರನ ಊರಿನವಳು, ಬಾಯಿ ಸ್ವಲ್ಪ ಮುಂದು.

"ಅಕ್ಕ, ಈ ಅಟ್ಟಿಲಿ ಗಾಳಿ ಅದಂತೆ ಕಣಕ್ಕ."

"ಯಾರ್ ಯೋಳುದ್ರು?"

"ಸೊಸೆಮ್ಮ ಫೋನ್ಲಿ ಮಾತಾಡ್ತಿದ್ರು, ಕೇಳುಸ್ಕಂಡಿ. ಮುದ್ಕಮ್ಮನ ರೂಮ್ಗೆ ಒಂದು ಕೂಸು ಬತ್ತದಂತೆ. ಗೋಡೆವೊಳ್ಗಿಂದ ಎಲ್ಡು ಕೈ ಚಾಚ್ಕಂಡು ನೀರು ಕೇಳ್ತದಂತೆ. ಮುದ್ಕಮ್ಮ ಅರಚ್ಕತದಂತೆ. ಶಾಸ್ತ್ರ ಯೋಳೋನ್ತಾಕೆ ಓಗಿ ಕೇಳುದ್ರೆ, ಮೂಡ್ಲ ಗೋಡೆಲಿ ಸತ್ತ ಕೂಸು ನಿಂತದ, ಕಲ್ಲಲ್ಲಿ ಮುಚ್ಬುಡಿ ಅಂದವ್ನಂತೆ. ಸೋಕಿಗೆ ಕಲ್ಲು ಮೆತ್ತಾವ್ರೆ ಅನ್ಕಂಡಿದ್ದಿ ನಾನು. ಇದಾ ಇವ್ರ ಸೋಕಿ?"

ಸಿದ್ದಾಜಮ್ಮನ ಕೈಯ ತುತ್ತು ಬಾಯಿಯ ಹತ್ತಿರ ನಿಂತಿತು.

"ಯಾವ ಕೂಸಂತೆ?"

"ಯಾವ್ದೋ ಕೇರಿ ಕೂಸಂತೆ. ಯಾವ ಕಾಲ್ದಲ್ಲೋ ಸತ್ತದ್ದು." ರಂಗಮ್ಮ ಸುತ್ತ ನೋಡಿ ದನಿ ತಗ್ಗಿಸಿದಳು. "ಆ ಮುದ್ಕ ನಿನ್ನ ಯಾಕಕ್ಕ ಅಂಗೆ ಕರ್ದನು, ಬೆಲ್ಲದ ಕಳ್ಳಿ ಅಂತ?"

"ಚಿಕ್ಕೋಳಿದ್ದಾಗ ಇವ್ರ ಆಲೆಮನೆಲಿ ಕುದಿಯೋ ಪಾಕುಕ್ಕೆ ಕೈ ಆಕುದ್ನಂತೆ. ಕದಿಯಕ್ಕೆ. ಅದ್ಕೇ ಇಂಗಾಯ್ತಂತೆ."

"ಅಂತೆ ಅಂತೀಯಲ್ಲಕ್ಕ. ನಿನ್ನ ಕೈ ಅಲ್ವಾ, ನಿಂಗೆ ಗೊತ್ತಿಲ್ವಾ?"

ಇದನ್ನು ಇಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ. ಸಿದ್ದಾಜಮ್ಮ ಮುದ್ದೆ ನುಂಗಿ ನೀರು ಕುಡಿದಳು. ಗೊತ್ತಿಲ್ಲ ಎಂಬುದೇ ನಿಜವಾದ ಉತ್ತರ. ಅದನ್ನು ಐವತ್ತು ದಾಟಿದ ಹೆಂಗಸು ಬಾಯಿಬಿಟ್ಟು ಹೇಳುವುದು ಹೇಗೆ?

ಅವಳ ನೆನಪಿನಲ್ಲಿ ಇರುವುದು ಬೇರೆ. ಅಪ್ಪ ಮಂಟಯ್ಯ ಈ ಮನೆಯ ಜೀತದಾಳು, ಅವ್ವ ಇವರ ಕಬ್ಬಿನ ಗದ್ದೆಯಲ್ಲಿ ಕೂಲಿ. ಹಿತ್ತಿಲ ಗೋಡೆಯಲ್ಲಿ ಒಂದು ಚೌಕ ಕಂಡಿ, ಅದರ ಬಾಯಿಗೆ ಹೊರಚಾಚಿದ ಕಲ್ಲಿನ ತೂಬು. ಕೇರಿಯವರು ಅದನ್ನು ನೀರ್ಗಂಡಿ ಅನ್ನುತ್ತಿದ್ದರು. ಒಳಗಿನಿಂದ ಮನೆಯವರು ನೀರು ಹುಯ್ಯಬೇಕು, ಹೊರಗೆ ತೂಬಿಗೆ ತಾಗದ ಹಾಗೆ ಕೆಳಗೆ ಬೊಗಸೆ ಒಡ್ಡಬೇಕು. ಒಂದು ಬಿಸಿಲಿನ ದಿನ ಅವ್ವ ಅವಳನ್ನು ನೀರಿಗೆ ಕಳಿಸಿದಳು. ಎಷ್ಟು ಕೂಗಿದರೂ ಯಾರೂ ಬರಲಿಲ್ಲ. ಕೂಸು ಕಲ್ಲೊಂದನ್ನು ಉರುಳಿಸಿಕೊಂಡು ಬಂದು ಹತ್ತಿ ನಿಂತು ಕಂಡಿಯೊಳಗೆ ಕೈ ಹಾಕಿತು. ಬೆರಳಿಗೆ ಹಿತ್ತಾಳೆ ಕೊಡ ತಣ್ಣಗೆ ತಾಕಿತು. ಒಳಗೆ ಯಾರೋ ಬಂದ ಬಳೆ ಸದ್ದು. ನೀರು ಬಂತು ಅಂತ ಮೊದಲು ಖುಷಿಯಾದದ್ದು ಅವಳಿಗೆ ಇವತ್ತಿಗೂ ನೆನಪಿದೆ. ಆಮೇಲಿನದು ನೆನಪಿಲ್ಲ, ಕೈಯಲ್ಲಿದೆ.

ಆದರೆ ಊರು ಹೇಳಿದ್ದು ಬೆಲ್ಲದ ಕಥೆ. ಚಾವಡಿಯಲ್ಲಿ ನ್ಯಾಯ ಸೇರಿತು. ದೊಡ್ಡಮಾದಪ್ಪನೇ ವಾದಿ, ಅವನೇ ಯಜಮಾನ. ಮಂಟಯ್ಯ ಟವೆಲನ್ನು ಕಂಕುಳಲ್ಲಿಟ್ಟುಕೊಂಡು, "ಔದು ಬುದ್ದಿ, ನನ್ನ ಕೂಸು ಬೆಲ್ಲ ಕದಿಯಕ್ಕೆ ಓಗಿತ್ತು" ಅಂದ. ಹೆತ್ತ ಅಪ್ಪನೇ ಅಂದ ಮೇಲೆ ಇನ್ನೇನು. ಕೈ ಮಾಯುವ ಹೊತ್ತಿಗೆ ಹಿತ್ತಿಲ ಗೋಡೆಗೆ ಹೊಸ ಗಾರೆ ಬಂದಿತ್ತು, ಕಂಡಿ ಇದ್ದ ಗುರುತೂ ಇರಲಿಲ್ಲ. ಅಪ್ಪನನ್ನು ಕೇಳಿದರೆ, "ಕಂಡಿ ಎಲ್ಲಿತ್ತು ಕೂಸೇ? ಜ್ವರುದಲ್ಲಿ ಕನಸು ಕಂಡಿದ್ದೀಯೆ. ನೀನು ಕೊಪ್ಪರಿಗೆಗೇ ಕೈ ಆಕುದ್ದು" ಅನ್ನುತ್ತಿದ್ದ. ಸಾಯುವ ತನಕ ಹಾಗೇ ಅಂದ. ಅವ್ವ ಬಾಯಿ ಬಿಡಲಿಲ್ಲ. ಕೇರಿಯ ಹಿರಿಯರು ಒಬ್ಬೊಬ್ಬರಾಗಿ ಹೋದರು, ಉಳಿದ ಕೆಲವರೂ ಕಂಡಿಯ ಮಾತು ಎತ್ತಲಿಲ್ಲ. ಬರಬರುತ್ತ ಸಿದ್ದಾಜಮ್ಮನ ಬಾಯಲ್ಲೇ ಕೆಲವು ಸಲ ಬೆಲ್ಲದ ರುಚಿ ಬರತೊಡಗಿತು. ನೋಡಿ, ಅಂಥದು ಈ ಊರಿನ ಕಥೆ ಕಟ್ಟುವ ಜಾಣತನ.

ಗಂಡ ಕುಡಿದು ಬಂದು ಅದೇ ಹೆಸರು ಹಿಡಿದು ಕೂಗಿದ. ಹೋಗಲಿ, ಕುಡುಕ. ಮೊನ್ನೆ ಸ್ಕೂಲಿನಲ್ಲಿ ಯಾರದೋ ಪೆನ್ಸಿಲ್ ಬಾಕ್ಸು ಕಾಣೆಯಾದಾಗ ಎಲ್ಲರನ್ನೂ ಬಿಟ್ಟು ಮೊಮ್ಮಗಳ ಬ್ಯಾಗನ್ನು ಮೊದಲು ಜಾಲಾಡಿದರಂತೆ. ಮಗು ಬಂದು, "ಅಜ್ಜಿ, ನೀನು ಕಳ್ಳಿಯಾ?" ಅಂದಿತು. ಅವತ್ತಿನಿಂದ ಸಿದ್ದಾಜಮ್ಮನಿಗೆ ಸರಿಯಾಗಿ ನಿದ್ದೆಯಿಲ್ಲ. ಇಲ್ಲ ಕಣವ್ವ ಅನ್ನಲು ಅವಳಿಗೇ ಖಾತ್ರಿ ಇರಲಿಲ್ಲ.

ಊಟ ಮುಗಿಸಿ ಮತ್ತೆ ಗೋಡೆಗೆ ಬಂದಳು. ಬಲಗಡೆಯ ಅರ್ಧ ಗೋಡೆ ಆಗಲೇ ಕಚ್ಚು ಹೊಡೆಸಿಕೊಂಡು ಸಿಡುಬು ಎದ್ದವರ ಮುಖದಂತಾಗಿತ್ತು. ಎಡಗಡೆಯದು ಬಾಕಿ. ಮೊದಲು ಅದು ಬಚ್ಚಲುಮನೆ, ಹಂಡೆ ಇಟ್ಟು ನೀರು ಕಾಯಿಸುತ್ತಿದ್ದ ಜಾಗ. ಈಗ ಅದೇ ಗುರುಬಸಮ್ಮನ ರೂಮು. ದೊಡ್ಡಮಾದಪ್ಪನ ಹೆಂಡತಿ ಹಾಸಿಗೆ ಹಿಡಿದು ವರ್ಷಗಳಾಗಿವೆ, ಬುದ್ಧಿ ಸ್ಥಿಮಿತದಲ್ಲಿಲ್ಲ.

ಸಿದ್ದಾಜಮ್ಮ ಹೊಡೆಯತೊಡಗಿದಳು. ಕೆಲವು ಏಟು ಬೀಳುತ್ತಿದ್ದಂತೆ ಒಳಗಿನಿಂದ ದನಿ ಬಂತು. ಸಣ್ಣಗೆ, ಎಳೆದೆಳೆದು.

"ಬಂತು... ಕೂಸು ಬಂತು... ಬಾಗ್ಲು ತಟ್ತದ. ನೀರು ಉಯ್ಯಿರೊ ಯಾರಾದ್ರು."

ಸುತ್ತಿಗೆ ನಿಂತಿತು. ದನಿಯೂ ನಿಂತಿತು. ಮತ್ತೆ ಹೊಡೆದಳು. ಮತ್ತೆ ಬಂತು: "ಕೈಯೊಡ್ತದ ನೋಡು. ಪುಟ್ಟ ಕೈ."

ರಂಗಮ್ಮ ಬಾಂಡ್ಲಿ ಬಿಟ್ಟು ದೂರ ಹೋಗಿ ನಿಂತು, "ನಾನು ಬರಾಕಿಲ್ಲ ಆ ಕಡೆ, ಮೇಸ್ತ್ರಿ ಬೈದ್ರೂ ಸೈ" ಅಂದಳು. ಸಿದ್ದಾಜಮ್ಮನಿಗೆ ಹೆದರಿಕೆಯಾದದ್ದು ಗಾಳಿಗಲ್ಲ. ಯಾವ ಕೂಸು ಎಂಬುದು ಅವಳಿಗೆ ನಿಧಾನವಾಗಿ ಹೊಳೆಯುತ್ತಿತ್ತು. ಈ ಮನೆಯವರು ದುಡ್ಡು ಸುರಿದು ಕಲ್ಲಿನಲ್ಲಿ ಮುಚ್ಚಲು ಹೊರಟಿರುವ ದೆವ್ವ, ಸತ್ತಿದೆ ಎಂದು ಶಾಸ್ತ್ರದವನು ಹೇಳಿದ ಕೂಸು, ಅವರದೇ ಅಂಗಳದಲ್ಲಿ ಕೂಲಿಗೆ ನಿಂತು ಅವರದೇ ಗೋಡೆ ಒಡೆಯುತ್ತಿತ್ತು. ನಗು ಬಂತು. ನಗುವಿನ ಹಿಂದೆಯೇ ಅಳು ಒತ್ತರಿಸಿಕೊಂಡು ಬಂತು. ಎರಡನ್ನೂ ನುಂಗಿ ಇನ್ನೊಂದು ಏಟು ಕೊಟ್ಟಳು.

ಠಣ್ ಅನ್ನುತ್ತಿದ್ದ ಗೋಡೆ ಅಲ್ಲಿ ಬೊದ್ ಅಂದಿತು.

ಅವಳು ಚಾಣವನ್ನು ಅಡ್ಡ ಹಿಡಿದು ಗಾರೆಯ ಅಂಚಿಗೆ ಹೆಟ್ಟಿದಳು. ಅಗಲವಾದ ಹೆಂಟೆಯೊಂದು ಕಳಚಿ ಕಾಲ ಬುಡದಲ್ಲಿ ಬಿದ್ದು ಪುಡಿಯಾಯಿತು. ಧೂಳು ಇಳಿಯುವ ತನಕ ಕಣ್ಣು ಮುಚ್ಚಿಕೊಂಡು ನಿಂತಳು. ತೆರೆದರೆ ಎದುರಿಗೆ ಇತ್ತು. ಸುತ್ತ ಕಲ್ಲಿನ ಚೌಕಟ್ಟು, ಕೆಳಗೆ ಉಳಿಯಿಂದ ಕಡಿದು ಹಾಕಿದ ತೂಬಿನ ಬುಡ, ನಡುವೆ ಇಟ್ಟಿಗೆ ತುಂಬಿ ಮಣ್ಣು ಮೆತ್ತಿದ ಕಂಡಿ.

ಮಣ್ಣಿನ ಮೇಲೆ ಬೆರಳಿನ ಗುರುತುಗಳಿದ್ದವು. ಕರಣೆ ಇಲ್ಲದೆ ಬರಿಗೈಯಲ್ಲಿ ಎಳೆದು ಸವರಿದ್ದು. ಕಿರುಬೆರಳಿನ ಜಾಗದಲ್ಲಿ ಗೆರೆಯೇ ಇರಲಿಲ್ಲ. ಮಂಟಯ್ಯನ ಕಿರುಬೆರಳು ಕಬ್ಬಿನ ಗಾಣಕ್ಕೆ ಹೋಗಿತ್ತು.

"ಅಪ್ಪೋ, ನೀನೇ ಮುಚ್ಚಿದ್ದಾ" ಎಂದಳು ಸಿದ್ದಾಜಮ್ಮ. ಜೋರಾಗಿ ಅನ್ನಲಿಲ್ಲ. ಅಲ್ಲೇ ಗಾರೆಯ ಚೂರುಗಳ ಮೇಲೆ ಕೂತಳು. ಅಪ್ಪನ ಮೇಲೆ ಸಿಟ್ಟು ಉಕ್ಕಿ ಬಂತು. ಮುಚ್ಚು ಅಂದರು, ಮುಚ್ಚಿದ. ಕದ್ದಳು ಅನ್ನು ಅಂದರು, ಅಂದ. ಬೇರೇನು ಮಾಡಬಹುದಿತ್ತು ಅವನು, ಗೇಣು ಜಾಗವಿಲ್ಲದ ಜೀತದವನು. ಇದೂ ಅವಳಿಗೆ ಗೊತ್ತಿತ್ತು. ಗೊತ್ತಿದ್ದರೂ ಸಿಟ್ಟು ಇಳಿಯಲಿಲ್ಲ. ಒಂದೇ ಒಂದು ಸಲ, ಸಾಯುವಾಗಲಾದರೂ, ಕಿವಿಯಲ್ಲಿ ಹೇಳಬಾರದಿತ್ತೇ?

ಶಂಕರ ಬಂದ. "ಏನಕ್ಕ ಅದು?"

"ನೀರ್ಗಂಡಿ."

"ಅಂಗಂದ್ರೆ?"

"ಒಳ್ಗಿಂದ ಅವ್ರು ಉಯ್ಯೋರು. ಈಚಿಂದ ನಾವು ಕೈಯೊಡ್ಡೋದು." ಅವಳು ತನ್ನ ಬಲಗೈ ಎತ್ತಿ ತೋರಿಸಿದಳು. "ಇಲ್ಲೇ ಸುಟ್ಟದ್ದು ಇದು. ಬೆಲ್ಲುದ್ದಲ್ಲ, ಬಿಸ್ನೀರು."

ಶಂಕರ ಆ ಕೈಯನ್ನು ಇಷ್ಟು ದಿನ ನೋಡಿದ್ದ, ಇವತ್ತು ನೋಡಲಾರದೆ ಕಣ್ಣು ತಪ್ಪಿಸಿದ. ತಲೆ ಕೆರೆದುಕೊಂಡ. "ಆಗ್ಲಿ ಬುಡಕ್ಕ. ಈಗ ಅದ್ನೆಲ್ಲ ಕೆದ್ಕುದ್ರೆ ಏನ್ ಬಂತು? ಬಲೆ ಬಿಗುದ್ಬುಡಾನ."

ಅಷ್ಟರಲ್ಲಿ ದೊಡ್ಡಮಾದಪ್ಪ ಕೋಲೂರಿಕೊಂಡು ಜಗಲಿ ಇಳಿದು ಬಂದ. ಕಂಡಿಯನ್ನು ನೋಡಿದ. ಹಣೆಯ ಮೇಲಿನ ವಿಭೂತಿ ಬೆವರಿಗೆ ಕದಡಿತು. ಆದರೆ ದನಿ ಕದಡಲಿಲ್ಲ. ಅಂಥವರಿಗೆ ದನಿ ಕೊನೆಗೆ ಕೆಡುವುದು.

"ಏನು ಗುಡ್ಡೆ ಆಕಂಡು ನೋಡ್ತಿದ್ದೀರಿ? ದೀಪದ ಗೂಡು ಅದು. ನಮ್ಮಜ್ಜನ ಕಾಲದ್ದು."

"ದೀಪದ ಗೂಡ್ಗೆ ತೂಬು ಇಟ್ಟಿರ್ತಾರಾ ಬುದ್ದಿ?" ಸಿದ್ದಾಜಮ್ಮ ಕೂತಲ್ಲಿಂದಲೇ ಕೇಳಿದಳು.

"ಬಾಯಿ ಮುಚ್ಚು ಮುಂಡೆ. ಲೇ ಶಂಕರ, ಮಿಕ್ಕಿದ್ದು ಆಮೇಲೆ ನೋಡ್ಕ. ಈ ಜಾಗದಿಂದ್ಲೇ ಸುರು ಮಾಡು. ಈಗ್ಲೇ ಸಿಮೆಂಟ್ ಕಲ್ಸು, ಒತ್ತು ಮುಳುಗೋದ್ರೊಳ್ಗೆ ಇದು ಕಾಣ್ಬಾರ್ದು. ಇಲ್ದಿದ್ರೆ ಗಂಟು ಮೂಟೆ ಕಟ್ಟು."

ಶಂಕರ ಕಲಸಿದ. ಬೈಕಿನ ಕಂತು ಕಟ್ಟಬೇಕಾದ ಸಂಸಾರಸ್ಥ, ಕಲಸದೆ ಏನು ಮಾಡುತ್ತಾನೆ. ಬಾಂಡ್ಲಿಯಲ್ಲಿ ಸಿಮೆಂಟು ಹಾಲಾಯಿತು. ತಂತಿ ಬಲೆಯ ತುಂಡು ಕತ್ತರಿಸಿಕೊಂಡು, ಮೊಳೆಗಳನ್ನು ಬಾಯಲ್ಲಿ ಕಚ್ಚಿಕೊಂಡು ಬಂದ.

"ಸರುಕೊ ಅಕ್ಕ" ಅಂದ, ಅವಳ ಮುಖ ನೋಡದೆ.

ಸಿದ್ದಾಜಮ್ಮ ಎದ್ದಳು. ಸರಿಯಲಿಲ್ಲ. ಚಾಣವನ್ನು ಆ ಬೆಸೆದ ಬೆರಳುಗಳೊಳಗೆ ತೂರಿಸಿ, ಅಪ್ಪ ಸವರಿದ ಮಣ್ಣಿಗೆ ಇಟ್ಟು ಹೊಡೆದಳು. ಹಳೆಯ ಮಣ್ಣು, ಏಟಿಗೆ ಸದ್ದಿಲ್ಲದೆ ಉದುರಿತು. ಇಟ್ಟಿಗೆ ಸಡಿಲವಾಯಿತು. ಕಿತ್ತು ಹಿಂದಕ್ಕೆ ಎಸೆದಳು. ದೊಡ್ಡಮಾದಪ್ಪ ಕೋಲೆತ್ತಿಕೊಂಡು, "ಲೇ, ಲೇ ಬೋಳಿ, ಯಾರಪ್ಪನ ಗೋಡೆ ಅಂತ ಒಡೀತಿದ್ದಯೇ" ಅನ್ನುತ್ತ ಎರಡು ಹೆಜ್ಜೆ ಬಂದವನು, ಅವಳ ಕೈಯ ಸುತ್ತಿಗೆಯನ್ನು ನೋಡಿ ಅಲ್ಲೇ ನಿಂತ. ಕೊನೆಯ ಇಟ್ಟಿಗೆ ಒಳಗಡೆಯ ಗಾರೆಯನ್ನೂ ಎಳೆದುಕೊಂಡು ರೂಮಿನೊಳಕ್ಕೆ ಧೊಪ್ಪನೆ ಬಿತ್ತು. ಕಂಡಿಯೊಳಗಿಂದ ಫಿನಾಯಿಲು, ಮಾತ್ರೆ, ಮೂತ್ರ ಬೆರೆತ ವಾಸನೆ ಬಂತು.

ಸಿದ್ದಾಜಮ್ಮ ಬಗ್ಗಿ ನೋಡಿದಳು. ಗೋಡೆಗೇ ಒತ್ತಿ ಹಾಕಿದ ಮಂಚ. ಅದರ ಮೇಲೆ ಒಂದು ಹಿಡಿಯಷ್ಟು ಮುದುಕಿ, ಕತ್ತು ತಿರುಗಿಸಿ ಬೆಳಕು ಬಂದ ಕಡೆ ನೋಡುತ್ತಿದ್ದಳು. ಒಂದು ಕಾಲದಲ್ಲಿ ಬಳೆ ತುಂಬಿದ ಕೈ ಅಲ್ಲಾಡಿಸಿದರೆ ಕೇರಿಯೇ ತಲೆ ತಗ್ಗಿಸುತ್ತಿದ್ದ ಗುರುಬಸಮ್ಮ. ಈಗ ಕೈ ಬೋಳು, ಕಣ್ಣಿಗೆ ಪೊರೆ.

"ಬಂದ್ಯಾ ಕೂಸೇ?" ಅಂದಳು ಮುದುಕಿ. "ದಿನಾ ನಿಂತಿರ್ತೀಯಲ್ಲ. ಕಾಲು ನೋಯಾಕಿಲ್ವಾ?"

ರಸ್ತೆಯಲ್ಲಿ ಕಾರು ನಿಂತ ಸದ್ದಾಯಿತು. ಸೊಸೆ ಫೋನು ಮಾಡಿದ್ದಿರಬೇಕು, ಕೊಳ್ಳೇಗಾಲದ ಬ್ಯಾಂಕಿಗೆ ಹೋಗಿದ್ದ ಬಸವಕುಮಾರ್ ಅರ್ಧಕ್ಕೇ ಓಡಿ ಬಂದಿದ್ದ. ಕಾರಿನ ಬಾಗಿಲು ಹಾಕುವಷ್ಟು ತಾಳ್ಮೆಯೂ ಇರಲಿಲ್ಲ.

"ಏನ್ರೀ ಇದು ಶಂಕರ್? ನಾನು ಹೇಳಿದ್ದೇನು, ನೀವು ಮಾಡಿರೋದೇನು? ಮುಚ್ರಿ ಮೊದಲು. ಅಮ್ಮನಿಗೆ ಗಾಳಿ ತಾಕಿದ್ರೆ ನಿಮ್ಮನ್ನ ಸುಮ್ನೆ ಬಿಡಲ್ಲ."

ಶಂಕರ ಇಟ್ಟಿಗೆಯೊಂದನ್ನು ಎತ್ತಿಕೊಂಡು ಕಂಡಿಯ ಹತ್ತಿರ ಬಂದ. ಸಿದ್ದಾಜಮ್ಮನಿಗೆ ಆಗ ಒಂದೇ ಒಂದು ಕಂಡದ್ದು: ಇನ್ನೊಂದು ಗಳಿಗೆಗೆ ಇಟ್ಟಿಗೆ, ಅದರ ಮೇಲೆ ಬಲೆ, ಅದರ ಮೇಲೆ ಕಲ್ಲು. ಆಮೇಲೆ ಕಂಡಿ ಎಲ್ಲಿತ್ತು ಅನ್ನುತ್ತಾರೆ. ಮೊಮ್ಮಗಳು ಮುದುಕಿಯಾಗುವ ತನಕ ಅನ್ನುತ್ತಲೇ ಇರುತ್ತಾರೆ. ಸುತ್ತಿಗೆ ಕೆಳಗೆ ಹಾಕಿದಳು. ಚಾಣವನ್ನೂ ಹಾಕಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಬಲಗೈಯನ್ನು ಮೊಳಕೈ ಮುಳುಗುವಷ್ಟು ಆ ಕಂಡಿಯೊಳಗೆ ಹಾಕಿದಳು.

"ಈಗ ಮುಚ್ಚು" ಅಂದಳು ಶಂಕರನಿಗೆ. "ಕೈ ಸೇರ್ಸೇ ಮುಚ್ಚು. ಅದ್ರ ಮ್ಯಾಕೇ ಕಲ್ಲು ಮೆತ್ತಿ."

ಶಂಕರನ ಕೈಯ ಇಟ್ಟಿಗೆ ಕೆಳಗಿಳಿಯಿತು.

"ತೆಗಿಯಮ್ಮ ಕೈ" ಎಂದ ಬಸವಕುಮಾರ್, ಸುತ್ತ ಜನ ಸೇರುವುದನ್ನು ನೋಡಿ ದನಿ ಮೆತ್ತಗೆ ಮಾಡಿಕೊಂಡು. "ಏನಿದ್ರೂ ಕೂತು ಮಾತಾಡೋಣ. ನಿಂಗೇನು ಬೇಕು ಹೇಳು."

ಅವಳು ಗೋಡೆಗೆ ಇನ್ನಷ್ಟು ಒತ್ತಿಕೊಂಡಳು. ಅವನು ಭುಜ ಹಿಡಿದು ಎಳೆದ. ಎಳೆದ ಕೂಡಲೇ ಒಳಗಿನಿಂದ ಮುದುಕಿ ಚೀರಿದಳು. ಅವಳ ಎರಡೂ ಕೈ ಆ ಕೈಯನ್ನು ಹಿಡಿದುಕೊಂಡಿದ್ದವು. ಹೊರಗೆ ಎಳೆದರೆ ಮುದುಕಿಯೇ ಗೋಡೆಗೆ ಹೋಗಿ ಬಡಿಯುವಳು. ಬಸವಕುಮಾರ್ ಬಿಟ್ಟುಬಿಟ್ಟ.

ಸಿದ್ದಾಜಮ್ಮನ ಕೆನ್ನೆ ಕಚ್ಚು ಹೊಡೆದ ಗೋಡೆಗೆ ಒತ್ತಿಕೊಂಡಿತ್ತು. ಒಳಗೆ ಸುಕ್ಕುಗಟ್ಟಿದ ಬೆರಳುಗಳು ಅವಳ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದವು. ಬೇರೆಯಾಗಿ ಸಿಗದ ಕಡೆ ಮತ್ತೆ ಮತ್ತೆ ತಡವುತ್ತಿದ್ದವು. ಈ ಮನೆಯವರು ಅವಳನ್ನು ಮುಟ್ಟಿದ್ದು ಇವತ್ತೇ ಮೊದಲು.

"ಅಂಟ್ಕಂಡವೆ" ಅಂದಳು ಗುರುಬಸಮ್ಮ ಒಳಗಿನಿಂದ. "ಅಯ್ಯೋ ಕೂಸೇ, ಎಲ್ಲಾ ಅಂಟ್ಕಂಡವೆ."

"ಸತ್ತಿಲ್ಲ ಕಣವ್ವ ನಾನು" ಎಂದಳು ಸಿದ್ದಾಜಮ್ಮ. "ಮಂಟಯ್ಯನ ಮಗ್ಳು. ಬದುಕಿವ್ನಿ. ಯೋಳು, ಅವತ್ತು ಏನು ಉಯ್ದೆ ಈ ಕೈ ಮ್ಯಾಲೆ?"

ದೊಡ್ಡಮಾದಪ್ಪನ ದನಿ ಆಗ ಕೆಟ್ಟಿತು. "ಅವ್ಳಿಗೆ ಅರಳುಮರಳು, ಅವ್ಳ ಮಾತು ಯಾರೂ ಕೇಳ್ಬ್ಯಾಡಿ. ಕುಮಾರ, ಒಳಕ್ಕೋಗಿ ನಿಮ್ಮವ್ವುನ್ನ ಈಚೆ ಎತ್ಕೊ ಓಗು. ಲೇ ಕಳ್ಳಿ..."

"ನೀನು ಸುಮ್ಕಿರು ಮಾದಪ್ಪ" ಅಂದಳು ಸಿದ್ದಾಜಮ್ಮ.

ಆ ಊರಿನಲ್ಲಿ ಕೇರಿಯ ಬಾಯಿಂದ ಆ ಹೆಸರು ಬುದ್ದಿ ಎಂಬ ಬಾಲವಿಲ್ಲದೆ ಬಂದದ್ದನ್ನು ಯಾರೂ ಕೇಳಿರಲಿಲ್ಲ. ಮುದುಕ ಬಾಯಿ ತೆರೆದವನು ತೆರೆದ ಹಾಗೇ ನಿಂತ. ಬೆಟ್ಟಕ್ಕೆ ನಡೆದು ಹೋಗುತ್ತಿದ್ದ ಪರಸೆಯವರ ಗುಂಪೊಂದು ರಸ್ತೆಯಲ್ಲಿ ನಿಂತು ಗಂಟು ಇಳಿಸಿತು. ರಂಗಮ್ಮ ಆಗಲೇ ಕೇರಿಯ ಕಡೆಗೆ ಓಡಿದ್ದಳು.

"ಯೋಳವ್ವ" ಅಂದಳು ಸಿದ್ದಾಜಮ್ಮ ಕಂಡಿಯೊಳಗೆ.

"ಅಂಡೆ ನೀರು" ಅಂದಳು ಗುರುಬಸಮ್ಮ. ದನಿಯಲ್ಲಿ ಅಳುಕಿರಲಿಲ್ಲ, ಅಳುವೂ ಇರಲಿಲ್ಲ. ಅಡುಗೆಯ ವಿಷಯ ಹೇಳುವಂತಿತ್ತು. "ಕೊತಕೊತ ಕುದೀತಿತ್ತು. ಚೊಂಬಲ್ಲಿ ಮೊಗ್ದು ಉಯ್ದಿ. ನೀನು ನಮ್ಮ ಕುಡಿಯೋ ನೀರಿನ ಕೊಡ ಮುಟ್ಬುಟ್ಟಿದ್ದಲ್ಲ ಕೂಸೇ. ನಮ್ಮತ್ತೆ ನೋಡುದ್ರೆ ನನ್ನ ಸೀಳಾಕೋರು. ಉಯ್ದ್ಬುಟ್ಟಿ."

"ಬೆಲ್ಲ?"

"ಯಾವ ಬೆಲ್ಲ? ಬೆಲ್ಲ ಅಂತ ಇವ್ರೇ ಯೋಳುಸುದ್ದು. ನಿಮ್ಮಪ್ಪನ ಕೈಲಿ."

ಬಸವಕುಮಾರ್ ಅಪ್ಪನ ಕಡೆ ನೋಡಿದ. ಅಪ್ಪ ಕೋಲಿನ ತುದಿ ನೋಡಿಕೊಂಡ. ಬಾಂಡ್ಲಿಯಲ್ಲಿ ಸಿಮೆಂಟು ಹಾಲು ಕೆನೆ ಕಟ್ಟಿ ಬಿಗಿಯುತ್ತಿತ್ತು, ಶಂಕರ ಅದನ್ನು ಕಲಕುವ ಗೋಜಿಗೆ ಹೋಗಲಿಲ್ಲ.

ಇಷ್ಟು ವರ್ಷ ಈ ಮಾತಿಗೆ ಕಾದಿದ್ದಳು ಸಿದ್ದಾಜಮ್ಮ. ಕೇಳಿದರೆ ಎದೆ ಹಗುರಾಗುತ್ತದೆ ಅಂದುಕೊಂಡಿದ್ದಳು. ಆಗಲಿಲ್ಲ. ಒಳಗಿನ ಮುದುಕಿ ಕೈ ಸವರುತ್ತಲೇ ಇದ್ದಳು, ಆ ಸವರುವಿಕೆ ಸುಟ್ಟದ್ದಕ್ಕಿಂತ ಹೆಚ್ಚು ಉರಿಯುತ್ತಿತ್ತು. ಕಿತ್ತುಕೊಂಡು ಮನೆಗೆ ಓಡಿಬಿಡೋಣ ಅನಿಸಿತು. ಕತ್ತು ತಿರುಗಿಸಿ ನೋಡಿದಳು. ಕೇರಿಯ ಕಡೆಯಿಂದ ಜನ ಬರುತ್ತಿದ್ದರು. ಮುಂದೆ ಹೆಂಗಸರು, ಸ್ಕೂಲು ಬಿಟ್ಟ ಮಕ್ಕಳು, ಅವರ ನಡುವೆ ಬ್ಯಾಗು ಹೊತ್ತ ಮೊಮ್ಮಗಳು. ತುಂಬ ವಯಸ್ಸಾದವರು ಹಿಂದೆ, ಇನ್ನೂ ದೂರದಲ್ಲಿದ್ದರು.

ಅವಳು ಕಾಲು ಊರಿ ನಿಂತು ಕೈಯನ್ನು ಇನ್ನಷ್ಟು ಒಳಗೆ ತೂರಿಸಿದಳು.

"ಇನ್ನೊಂದ್ಸಲ ಯೋಳವ್ವ" ಅಂದಳು. "ಗಟ್ಟಿಯಾಗಿ ಯೋಳು. ಕೇರಿ ಜನ ಇನ್ನೂ ಬತ್ತಾವ್ರೆ."